ಮಾವನ ಕೋವಿ

"ಕೋವಿ ಎಲ್ಲೇ?"

ತೆರೆದ ಬೀರುವಿನ ಮುಂದೆ ನಿಂತು ಅತ್ತೆ ಕೇಳಿದಾಗ, ಸೊಸೆ ಆಗಷ್ಟೇ ಆಸ್ಪತ್ರೆಯಿಂದ ಬಂದು ಚಪ್ಪಲಿ ಬಿಡುತ್ತಿದ್ದಳು.

"ಪೊಲೀಸ್ ಠಾಣೆಗೆ ಒಪ್ಪಿಸಿ ಬಂದೆ, ಅತ್ತೆ."

"ಯಾರನ್ನ ಕೇಳಿ ಕೊಟ್ಟೆ? ನಿಮ್ಮ ಮಾವನ ನೆನಪು ಅಂತ ಉಳಿದಿದ್ದು ಅದೊಂದೇ."

"ಇವರ ಮುಖ ನೋಡಿದ್ರೆ ನಂಗೆ ಭಯ ಆಗತ್ತೆ..."

"ಬಿಡ್ತು ಅನ್ನು. ನನ್ನ ಮಗ ಅಂಥವನಲ್ಲ."

ಮಗ ಬಸ್ ಚಾಲಕ. ಮಂಜು ಕವಿದ ಒಂದು ಬೆಳಿಗ್ಗೆ ರಸ್ತೆ ದಾಟುತ್ತಿದ್ದ ಮುದುಕರೊಬ್ಬರು ಅವನ ಬಸ್ಸಿನಡಿ ಸಿಕ್ಕಿ ತೀರಿಕೊಂಡಿದ್ದರು. ತಪ್ಪು ಅವನದಲ್ಲವೆಂದು ತೀರ್ಮಾನವಾದರೂ ಅವನು ಮತ್ತೆ ಸ್ಟೇರಿಂಗ್ ಮುಟ್ಟಲಿಲ್ಲ. ಒಂದು ದಿನ ಊಟಕ್ಕೆ ಕುಳಿತವನು, "ನಾನಿಲ್ದಿದ್ರೆ ನೀವೆಲ್ಲ ಆರಾಮಾಗಿರ್ತೀರ" ಎಂದುಬಿಟ್ಟ. ಹೆಂಡತಿ ಆಸ್ಪತ್ರೆಯ ತುರ್ತು ವಿಭಾಗದಲ್ಲಿ ನರ್ಸ್. ದುಡುಕಿ, ಹೇಗೋ ಉಳಿದು, ಆಮೇಲೆ ಮಕ್ಕಳನ್ನು ತಬ್ಬಿಕೊಂಡು ಅತ್ತವರನ್ನು ಅವಳು ಕಂಡಿದ್ದಳು. ಕೋವಿ ಕೈಗೆ ಸಿಕ್ಕವರಲ್ಲಿ ಹಾಗೆ ಅಳಲು ಉಳಿದವರು ತೀರ ಕಡಿಮೆ... ಮನೋವೈದ್ಯರೂ ಅದನ್ನೇ ಹೇಳಿದ್ದರು: "ಮೊದಲು ಅದನ್ನ ಮನೆಯಿಂದ ಆಚೆ ಕಳಿಸಮ್ಮ."

ಅತ್ತೆ ಮಾತು ಬಿಟ್ಟರು. ಮಗನ ಕಿವಿಗೆ ಬೀಳದ ಹಾಗೆ ಬಂದವರ ಮುಂದೆಲ್ಲ, "ಮನೆ ಮರ್ಯಾದೆಯನ್ನ ಠಾಣೆ ಮೆಟ್ಟಿಲು ಹತ್ತಿಸಿದಳು" ಎಂದು ಹಂಗಿಸಿದರು. ಸೊಸೆ ನುಂಗಿಕೊಂಡಳು. ಆಸ್ಪತ್ರೆಯಲ್ಲಿ ಸ್ಟ್ರೆಚರ್ ಸದ್ದಾದಾಗಲೆಲ್ಲ ಗಂಡನೇನೋ ಎಂದು ಓಡಿ ಹೋಗಿ ಮಲಗಿದ್ದವರ ಮುಖ ನೋಡುತ್ತಿದ್ದಳು.

ಒಂದು ಮಧ್ಯಾಹ್ನ ಅತ್ತೆ ಬಟ್ಟೆ ಒಣಹಾಕಿ ಒಳಗೆ ಬಂದರೆ, ಮಗ ಬೀರುವಿನ ಮುಂದೆ ಮಂಡಿಯೂರಿದ್ದ. ಸುತ್ತ ಬಟ್ಟೆಗಳು ಚೆಲ್ಲಾಡಿದ್ದವು. ಅವನ ಕೈ ಖಾಲಿ ಮೂಲೆಯನ್ನು ತಡಕಾಡುತ್ತಿತ್ತು.

"ಏನೋ ಹುಡುಕ್ತಿದೀಯ?"

"ಅಪ್ಪಂದು... ಎಲ್ಲಿಟ್ಟಿದೀಯಮ್ಮ?"

ಆ ದನಿ ಕೇಳಿದ್ದೇ ತಾಯಿ ಪಕ್ಕದಲ್ಲೇ ಕುಳಿತು ಅವನ ತಲೆಯನ್ನು ಎದೆಗೆಳೆದುಕೊಂಡರು.

"ಇಲ್ಲಪ್ಪ... ಅದು ಮನೇಲಿಲ್ಲ. ನಾನಿದೀನಿ."

ಅಪಘಾತವಾದಂದಿನಿಂದ ಒಂದು ಹನಿ ಕಣ್ಣೀರು ಹಾಕದವನು ತಾಯಿಯ ಮಡಿಲಲ್ಲಿ ಬಿಕ್ಕಿಬಿಕ್ಕಿ ಅತ್ತ. ಅವನ ಕೈ ಬಿಡದೆಯೇ ಅವರು ಸೊಸೆಗೆ ಫೋನ್ ಮಾಡಿದರು.

ಸಂಜೆ ಮನೋವೈದ್ಯರ ಕೋಣೆಯ ಹೊರಗೆ ಬೆಂಚಿನ ಮೇಲೆ ಅತ್ತೆ, ಸೊಸೆ ಇಬ್ಬರೇ ಕುಳಿತಿದ್ದರು.

"ಅವತ್ತು ನೀನು ನನ್ನನ್ನ ಕೇಳಿದ್ದಿದ್ರೆ ನಾನು ಬೇಡ ಅಂತಿದ್ದೆ..." ಅತ್ತೆ ಸೊಸೆಯ ಕೈ ಹಿಡಿದುಕೊಂಡರು.

"ನಂಗಿನ್ನೂ ಭಯ ಹೋಗಿಲ್ಲ, ಅತ್ತೆ."

"ನಂಗೂ ಅಷ್ಟೇ ಕಣೇ. ನೀನು ಕೆಲಸಕ್ಕೆ ಹೋಗು. ಹಗಲೆಲ್ಲ ನಾನು ಅವನ ಜೊತೆ ಇರ್ತೀನಿ."

ಬಾಗಿಲು ತೆರೆಯಿತು. ಊದಿದ ಕಣ್ಣುಗಳ ಮಗ ಹೊಸ್ತಿಲಲ್ಲಿ ನಿಂತು ಇಬ್ಬರನ್ನೂ ನೋಡಿದ.

"ಮನೆಗೆ ಹೋಗೋಣ್ವಾ?"

ಇಬ್ಬರೂ ಒಟ್ಟಿಗೇ ಎದ್ದರು.