ಖಾಲಿ ಉಳಿದ ಮಣೆ

"ಅಲ್ಲೇ ಯಾಕ ನಿಂತೀರಿ? ಒಳಗ ಬರಾಕೂ ಮನಸಿಲ್ಲೇನು?"

ತಿಂಗಳುಗಟ್ಟಲೆ ಕಾದ ಮೇಲೆ ಕಣ್ಣಿಗೆ ಬಿದ್ದ ಗಂಡನಿಗೆ ಶೈಲಜಾ ಕೇಳಿದ ಮೊದಲ ಮಾತಿದು.

ಸಿಂಧನೂರಿನ ಆಸ್ಪತ್ರೆಯ ವಾರ್ಡಿನ ಬಾಗಿಲಲ್ಲಿ ಚನ್ನವೀರ ನಿಂತಿದ್ದ. ಹಟ್ಟಿಯ ಚಿನ್ನದ ಗಣಿಯಲ್ಲಿ ಪಾಳಿ ಮುಗಿಸಿ ಮುಖವನ್ನೂ ತೊಳೆಯದೆ ಓಡಿ ಬಂದಿದ್ದ. ಆದರೂ ಹೊಸ್ತಿಲು ದಾಟಲಿಲ್ಲ. ಊದಿಕೊಂಡ ಅವಳ ಪಾದಗಳನ್ನೇ ನೋಡುತ್ತಿದ್ದ. ಬೆರಳಿಗೆ ಬಿಗಿಯಾದ ಕಾಲುಂಗುರಗಳನ್ನು ಅವಳ ತಾಯಿ ಅಂಬಮ್ಮ ಬೆಳಿಗ್ಗೆಯೇ ತೆಗೆದು ಸೆರಗಿಗೆ ಕಟ್ಟಿಕೊಂಡಿದ್ದಳು.

ನೋಡಿ ಹೋಗಲು ಬಂದಿದ್ದಾರೆ... ಅಷ್ಟೇ.

ಶೈಲಜಾ ಗೋಡೆ ಕಡೆ ಮುಖ ತಿರುಗಿಸಿದಳು. ತಲೆ ಸಿಡಿದು ಹೋಗುತ್ತಿತ್ತು.

ಮೊದಲ ಬಸಿರಿನಲ್ಲೂ ಹೀಗೇ ಆಗಿತ್ತು. ಏಳನೇ ತಿಂಗಳಲ್ಲಿ ರಕ್ತದೊತ್ತಡ ಏರಿ, ಫಿಟ್ಸ್ ಬಂದು, ಕೂಸು ಉಳಿಯಲಿಲ್ಲ. ಈ ಸಲ ಚನ್ನವೀರ ಮೊದಲೇ ಲಿಂಗಸುಗೂರಿನ ಡಾಕ್ಟರ ಹತ್ತಿರ ಕರೆದೊಯ್ದಿದ್ದ. ಅವಳನ್ನು ಹೊರಗೆ ಕೂಡಿಸಿ, ಒಳಗೆ ಬಹಳ ಹೊತ್ತು ಮಾತಾಡಿ, ಮುಖ ಸಣ್ಣದು ಮಾಡಿಕೊಂಡು ಬಂದ. ಮರುವಾರವೇ ಅವಳನ್ನು ಮಸ್ಕಿಯ ತವರಿನಲ್ಲಿ ಬಿಟ್ಟವನು ಮತ್ತೆ ಆ ಕಡೆ ಸುಳಿಯಲಿಲ್ಲ.

ಕುಬಸದ ದಿನಕ್ಕೂ ಬರಲಿಲ್ಲ! ಬಸುರಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ಇಡಿಸಿ, ಗಂಡನನ್ನು ಪಕ್ಕದಲ್ಲಿ ಕೂಡಿಸಿ ಆರತಿ ಬೆಳಗುವ ದಿನ ಅದು. ಎರಡು ಮಣೆ ಹಾಕಿದ್ದರು. ಒಂದರ ಮೇಲೆ ಶೈಲಜಾ ಕೂತಳು. ಇನ್ನೊಂದು ಆರತಿ ಮುಗಿದರೂ ಖಾಲಿಯೇ ಉಳಿಯಿತು. ಹಾಡುತ್ತಿದ್ದ ಹೆಂಗಸರು ನಡುನಡುವೆ ಆ ಮಣೆಯ ಕಡೆ ಕಣ್ಣು ಹಾಯಿಸುತ್ತಿದ್ದರು.

ಒಂದು ಕೂಸು ಕಳೆದುಕೊಂಡವಳು ನಾನು. ಇನ್ನು ಅವರಿಗೆ ಬೇಡವಾದೆ... ಎಂದುಕೊಂಡು ಅವತ್ತು ಸೆರಗು ಬಾಯಿಗೆ ಒತ್ತಿ ಅತ್ತಿದ್ದಳು.

ಡಾಕ್ಟರ್ ಶಾಹೀಸ್ತಾ ಒಳಗೆ ಬಂದರು. ಔಷಧಿಗೆ ಒತ್ತಡ ಬಗ್ಗುತ್ತಿಲ್ಲ, ದಿನ ತುಂಬದಿದ್ದರೂ ಈಗಲೇ ಆಪರೇಷನ್ ಮಾಡಿ ಕೂಸನ್ನು ತೆಗೆಯಬೇಕು, ಇಬ್ಬರನ್ನೂ ಉಳಿಸಲು ನೋಡುತ್ತೇವೆ ಎಂದರು. ಮತ್ತೆ ನನಗೇ ಯಾಕೆ ಎಂದು ಶೈಲಜಾ ಅಳುತ್ತ ಕೇಳಿದಳು.

ಡಾಕ್ಟರು ಮಂಚದ ತುದಿಗೆ ಕೂತು ತಿಳಿಸಿ ಹೇಳಿದರು. ರೋಗದಿಂದ ಕಾಯುವ ಜೀವಕೋಶಗಳು ಎಲ್ಲರ ಮೈಯಲ್ಲೂ ಇವೆ. ಅವು ಹೇಗೆ ನಡೆದುಕೊಳ್ಳುತ್ತವೆ ಎಂಬುದು ಹುಟ್ಟಿನಿಂದ ಬಂದ ಜೀನುಗಳ ಮೇಲಿದೆ. ಕೂಸಿನಲ್ಲಿ ಅರ್ಧ ಜೀನುಗಳು ತಂದೆಯವು. ತಾಯಿಯ ಆ ಕಾವಲು ಕೋಶಗಳಿಗೆ ಅವುಗಳ ಗುರುತು ಸರಿಯಾಗಿ ಹತ್ತಿದರೆ ಕೂಸಿಗೆ ರಕ್ತ ಕೊಡುವ ಮಾಸು ಚೆನ್ನಾಗಿ ಬೇರೂರುತ್ತದೆ. ಕೆಲವು ಜೋಡಿಗಳಲ್ಲಿ ಅದು ಅಷ್ಟಾಗಿ ಕೂಡಿಬರುವುದಿಲ್ಲ, ಆಗ ತಾಯಿಯ ರಕ್ತದೊತ್ತಡ ಏರಬಹುದು. ಕಾರಣಗಳು ಬೇರೆಯೂ ಇರುತ್ತವೆ, ಇಂಥದ್ದೇ ಎಂದು ಹೇಳಲಾಗದು.

"ಇದ್ರಾಗ ಯಾರ ತಪ್ಪೂ ಇಲ್ಲವ್ವ."

"ತಪ್ಪು ನಂದರೀ ಮೇಡಂ."

ಚನ್ನವೀರ ಬಾಗಿಲಲ್ಲೇ ನಿಂತು ಹೇಳಿದ. "ಲಿಂಗಸುಗೂರಾಗ ಇದನ್ನ ಹೇಳಿದ್ರು. ನನ್ನ ಪಾಲಿಂದು ಆಕಿ ಮೈಗೆ ಒಗ್ಗವಲ್ದು, ನಾ ಹತ್ರ ಇದ್ದಷ್ಟೂ ಬಿಪಿ ಏರತೈತಿ ಅಂತ ತಿಳಕೊಂಡೆ. ಕುಬಸದ ದಿನ ಮಸ್ಕಿ ಬಸ್ ಸ್ಟ್ಯಾಂಡಿನತನಾ ಬಂದಿದ್ದೆ, ಶೈಲಾ. ಬಾಜೂಕ ಕುಂತು ನಿನ್ನೂ ಕಳಕೊಂಡ್ರ... ಅಂತ ಹೊಳ್ಳಿ ಹೋದೆ. ನೀ ಇಲ್ಲದ ಮನಿ ನನಗ ಬ್ಯಾಡ."

ಗಂಡಸರ ಬುದ್ಧಿಯೇ ಹೀಗೆ. ಅರ್ಧ ಕೇಳಿಸಿಕೊಂಡು ಪೂರ್ತಿ ನಂಬುವುದು, ಯಾರನ್ನೂ ಕೇಳದೆ ಒಳಗೊಳಗೇ ಬೇಯುವುದು! ಆದರೆ ಡಾಕ್ಟರು ನಗಲಿಲ್ಲ. ಕೂಸಿಗೆ ನೀವು ಕೊಡುವುದನ್ನು ಮೊದಲ ದಿನವೇ ಕೊಟ್ಟಾಗಿದೆ, ಹತ್ತಿರ ಕೂತರೆ ಏನೂ ಏರುವುದಿಲ್ಲ ಎಂದು ಹೇಳಿ ಆಪರೇಷನ್ ತಯಾರಿಗೆ ಎದ್ದು ಹೋದರು.

ಶೈಲಜಾಗೆ ಬಯ್ಯಬೇಕೆನಿಸಿತು, ಅವನನ್ನು ಅಪ್ಪಿಕೊಳ್ಳಬೇಕೆನಿಸಿತು. ಎರಡಕ್ಕೂ ತ್ರಾಣವಿರಲಿಲ್ಲ. ಮೆಲ್ಲಗೆ ಸರಿದು ಮಂಚದ ಮೇಲೆ ಜಾಗ ಮಾಡಿದಳು.

"ಬಾಜೂಕ ಕುಂದರ್ರಿ."

"ಏರಿದ್ರ?"

"ಬಿಪಿ ನೋಡೋ ಪಟ್ಟಿ ತೋಳಿಗೇ ಐತಿ. ಏರಿದ್ರ ಎದ್ದು ಹೋಗೀರಂತ."

ಅವನು ಅಂಜುತ್ತ ಕೂತ. ನರ್ಸ್ ಬಂದು ಮಷೀನಿನ ಗುಂಡಿ ಒತ್ತಿದಳು. ತೋಳಿನ ಪಟ್ಟಿ ಬಿಗಿಯಿತು. ಅವನು ಅಂಕಿಗಳನ್ನು ನರ್ಸಿನ ಚೀಟಿಯಲ್ಲಿದ್ದ ಹಿಂದಿನ ಅಂಕಿಗಳಿಗೆ ಹೋಲಿಸಿ ನೋಡಿದ.

"ಎಷ್ಟೈತ್ರಿ?" ಕಣ್ಣು ಮುಚ್ಚಿಯೇ ಕೇಳಿದಳು.

"ಮದ್ಲಿನಷ್ಟ ಐತಿ. ಇಳದಿಲ್ಲ, ಶೈಲಾ..."

"ಏರಿಲ್ಲಲ್ಲ?"

"ಏರಿಲ್ಲ."

ಶೈಲಜಾ ಅವನ ಧೂಳು ಹತ್ತಿದ ಕೈಯನ್ನು ಹುಡುಕಿ ಹಿಡಿದುಕೊಂಡಳು.

"ಹಂಗಾರ ಕುಂದರ್ರಿ. ಅವರು ನನ್ನ ಒಳಗ ಒಯ್ಯೋತನಾ ಏಳಬ್ಯಾಡ್ರಿ."