ಮಾಳಿಗೆಯ ಮೇಲಿನ ಮಲಂಗಸಾಬ

ಪುಷ್ಯದ ತೊಗರಿ ರಾಶಿ ನಡೆದಿತ್ತು. ಆದರೂ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಕರಜಗಿಯ ಅರ್ಧ ಊರು ಕಣ ಬಿಟ್ಟು ನಮ್ಮ ಟೀವಿಯ ಮುಂದಿರುತ್ತಿತ್ತು. ಆಕಾಶಹಡಗಿನ ಧಾರಾವಾಹಿಗೆ ಆಗ ಮೂರನೆಯ ವರ್ಷ. ಮನೆಯ ಮಣ್ಣಿನ ಮಾಳಿಗೆಯ ಮೇಲೆ ನಿಂತು ಆಂಟೆನಾ ತಿರುವುತ್ತಿದ್ದವನು ನಮ್ಮ ಆಳು ಮಲಂಗಸಾಬ. ಅವನು ಚಿತ್ರ ನೋಡಿದ್ದೇ ಇಲ್ಲ. ಇಳಿದ ಮೇಲೆ ನಾನು ಕಥೆ ಹೇಳಬೇಕು, ಅದೇ ಅವನ ಕೂಲಿ.

"ಹಡಗದ ಬಾಗಲಾ ಹಾಕ್ಕೊಂಡು ಬ್ಯಾರೆ ಗ್ರಹದಾಗ ಬಿಟ್ಟು ಬಂದ್ರಲ್ಲ, ಆ ಮನಷ್ಯಾ ಏನಾದ್ರಿ ಗೌಡ್ರ?"

"ಸತ್ತ," ಎಂದೆ ಬೇಸರಕ್ಕೆ. ಅವನು ಸತ್ತಿರಲಿಲ್ಲ.

"ಸಾಯಂಗಿಲ್ರಿ. ತಿರುಗಿ ಬರ್ತಾನ. ಬಾಗಲಾ ಹಾಕ್ದವ್ರ ಮ್ಯಾಲ ಬಾಗಲಾ ಹಾಕ್ತಾನ."

"ಟೀವಿ ನೋಡಲಾರದವ ಕಥಿ ಬರ್ಯಾಕತ್ತಾನಲೇ," ಎಂದು ನೆರೆಮನೆಯ ದೌಲತರಾಯ ನಕ್ಕ.

ಮುಂದಿನ ವಾರ ಮಲಂಗಸಾಬ ನಡುವೆ ಇಳಿಯಬಾರದೆಂದು ಮೆಟ್ಟಿಲ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿದೆ. "ಗಾಳಿ ಬಾಳದ್ರಿ, ಬಾಗಲಾ ತಗೀರಿ," ಎಂದು ಕೂಗಿದ. "ಮುಗಿಯೂತನಾ ಹಿಡ್ಕೊ," ಎಂದೆ. ಆಂಟೆನಾದ ಕಂಬದ ಸಮೇತ ಬಿದ್ದು ಸತ್ತ.

ಅವನ ನಲವತ್ತನೆಯ ದಿನದ ಫಾತಿಹಾ ಮುಗಿದ ವಾರದಿಂದ, ಪ್ರತಿ ಭಾನುವಾರ ಸರಿಯಾಗಿ ಹತ್ತಕ್ಕೆ, ಮಾಳಿಗೆಯ ಮಣ್ಣು ಟೀವಿಯ ಮೇಲೆ ಉದುರತೊಡಗಿತು. ಮೇಲೆ ಬರಿಗಾಲ ಹೆಜ್ಜೆ. ಆಮೇಲೆ ದನಿ: "ಮುಂದೇನಾತ್ರಿ?"

ಧಾರಾವಾಹಿ ಮುಗಿದ ದಿನ, ಎಲ್ಲರೂ ಹೊಲಕ್ಕೆ ಹೋದ ಮೇಲೆ, ಒಬ್ಬನೇ ಮಾಳಿಗೆ ಹತ್ತಿದೆ. ಬಿಸಿಲಿಗೆ ಕಾಲು ಸುಡುತ್ತಿತ್ತು. ಮತ್ತೆ ನೆಟ್ಟಿದ್ದ ಕಂಬ ಮಾತ್ರ ಬಾವಿಯ ನೀರಿನಷ್ಟು ತಣ್ಣಗಿತ್ತು.

"ಮಲಂಗಾ, ಆ ಮನಷ್ಯಾ ತಿರುಗಿ ಬಂದ. ಎಲ್ಲಾರ್ನೂ ಮಾಫ್ ಮಾಡಿದ," ಎಂದೆ. ಈ ಸಲ ನಿಜವನ್ನೇ ಹೇಳಿದ್ದೆ.

"ಸುಳ್ಳ ಹೇಳಬ್ಯಾಡ್ರಿ ಗೌಡ್ರ," ಎಂದಿತು ಆ ದನಿ, ಕಿವಿಯ ಹತ್ತಿರವೇ.

ಇಳಿಯಲು ತಿರುಗಿದೆ. ಬಾಗಿಲಿಗೆ ಒಳಗಿನಿಂದ ಚಿಲಕ ಬಿದ್ದಿತ್ತು. ಸಂಜೆ ಹೆಂಡತಿ ಹೊಲದಿಂದ ಬಂದು ತೆಗೆದಳು. ಅಲ್ಲಿಯವರೆಗೆ ಮನೆಯಲ್ಲಿ ಯಾರೂ ಇರಲಿಲ್ಲ.