ರೆಪ್ಪೆ ಬಡಿದ ಹಾವು

ಬಹಳ ಹಿಂದೆ, ಹೊಳೆಗಳಿಗೆ ಇನ್ನೂ ಯಾರೂ ಹೆಸರಿಡದ ಕಾಲದಲ್ಲಿ, ಕಡಗಲ್ಲು ಎಂಬ ರಾಜ್ಯವಿತ್ತು. ಅದನ್ನು ಚಂದಿರರಾಯನೆಂಬ ರಾಜ ಆಳುತ್ತಿದ್ದ. ಅವನ ಬಳಿ ದುಗ್ಗನೆಂಬ ಓಲೆಕಾರನಿದ್ದ. ಕುದುರೆಗಿಂತ ಮೊದಲೇ ಓಲೆ ಮುಟ್ಟಿಸುವ ಕಾಲು ದುಗ್ಗನದು. ಆದರೆ ಒಂದು ಗಳಿಗೆ ಕೂತಲ್ಲಿ ಕೂರಲಾರ, ನಿಂತಲ್ಲಿ ನಿಲ್ಲಲಾರ.

ಅವನ ಅಕ್ಕ ಸಂಕವ್ವ ಹಾಗಲ್ಲ. ಊರಾಚೆಯ ಹುತ್ತದಗುಡ್ಡದಲ್ಲಿ ಕಲ್ಲಿನ ಪಕ್ಕ ಕಲ್ಲಾಗಿ ಕೂತು ಹಾವುಗಳನ್ನು ನೋಡುತ್ತಿದ್ದಳು. ಯಾವುದಕ್ಕೆ ವಿಷವಿದೆ, ಯಾವುದಕ್ಕಿಲ್ಲ ಎಂದು ಸೌದೆಗೆ ಹೋಗುವವರಿಗೆಲ್ಲ ಹೇಳಿಕೊಡುತ್ತಿದ್ದಳು.

ಹೀಗಿರಲು ಗರಳಸಿದ್ಧನೆಂಬ ಮಾಂತ್ರಿಕ ಅರಮನೆಗೆ ಬಂದ. "ರಾಯಾ, ಹುತ್ತದಗುಡ್ಡದ ಹಾವೊಂದು ನಿನ್ನ ಪ್ರಾಣಕ್ಕೆ ಹೊಂಚು ಹಾಕಿದೆ" ಎಂದ. ಅಂದಿನಿಂದ ರಾಜನಿಗೆ ನಿದ್ದೆಯಿಲ್ಲ. ಹಗ್ಗ ಕಂಡರೂ ಬೆಚ್ಚಿದ, ಬಳ್ಳಿ ಕಂಡರೂ ಬೆಚ್ಚಿದ. ರಾಜನ ಹೆದರಿಕೆ ಊರಿಗೂ ಹತ್ತಿತು. ಜನ ಹಾಸಿಗೆ ಕೊಡವಿ ಮಲಗಿದರು, ಎದ್ದು ಮತ್ತೆ ಕೊಡವಿದರು. ನೋಡನೋಡುತ್ತ ರಾಜ್ಯದ ಮುದ್ರೆಯುಂಗುರ ಮಾಂತ್ರಿಕನ ಬೆರಳಿಗೆ ಬಂತು.

ಸಂಕವ್ವ ಸಭೆಗೆ ಹೋಗಿ ಕೈಮುಗಿದಳು. "ಸುಳ್ಳು, ಒಡೆಯಾ. ಹಾವು ಯಾರನ್ನೂ ಹುಡುಕಿಕೊಂಡು ಬರೋದಿಲ್ಲ. ತುಳಿದರೆ ಕಚ್ಚುತ್ತೆ, ಬಿಟ್ಟರೆ ತನ್ನ ಪಾಡಿಗೆ ಹೋಗುತ್ತೆ."

ಗರಳಸಿದ್ಧ ಒಂದು ಚಿಟಿಕೆ ಬೂದಿ ಎರಚಿದ. "ಅಷ್ಟು ಅಕ್ಕರೆಯಿದ್ದರೆ ಆ ಕುಲಕ್ಕೇ ಸೇರು!"

ಸಂಕವ್ವ ಹಾವಾದಳು. ಸಭೆಯವರೆಲ್ಲ ಚೀರಿ ಓಡಿದರು. ಯಾವ ಹಾವಾದಳೆಂದು ನೋಡಿದವರಿಲ್ಲ. ಹಾವು ಬಾಗಿಲು ದಾಟಿ ಗುಡ್ಡದ ಕಡೆ ಹರಿದುಹೋಯಿತು.

"ಈಗ ಗುಡ್ಡಕ್ಕೆ ಬೆಂಕಿಯಿಡಿ" ಎಂದ ಮಾಂತ್ರಿಕ.

ದುಗ್ಗ ಓಡಿಬಂದು ರಾಜನ ಕಾಲಿಗೆ ಬಿದ್ದ. "ಬುದ್ಧೀ, ನನಗಿರೋಳು ಒಬ್ಬಳೇ ಅಕ್ಕ. ಹುಡುಕಿ ತರ್ತೀನಿ, ತಡೆಯಿರಿ."

ರಾಜ ಮಾಂತ್ರಿಕನ ಮುಖ ನೋಡಿದ. "ಮೂರು ದಿನ. ಮೂರನೆಯ ದಿನ ನಡುಹಗಲಿಗೆ ಬೆಂಕಿ" ಎಂದ.

ಮಾಟ ಮಾಡಿದವನು ಬಿಡುಗಡೆಯ ದಾರಿಯನ್ನೂ ಹೇಳಬೇಕು, ಅದು ಮಾಟದ ಕಟ್ಟಳೆ. ಗರಳಸಿದ್ಧ ನಗುತ್ತ ಹೇಳಿದ: "ಅವಳನ್ನು ಗುರುತಿಸಿ ಅಕ್ಕಾ ಎಂದು ಕೂಗು, ಹೆಣ್ಣಾಗುತ್ತಾಳೆ. ಬೇರೆ ಹಾವನ್ನು ಕೂಗಿದೆಯೋ, ನೀನೂ ಹಾವು, ಅವಳೂ ಹಾವು, ಎಂದೆಂದಿಗೂ."

ಮೊದಲ ದಿನ ದುಗ್ಗ ಗುಡ್ಡಕ್ಕೆ ಓಡಿದ. ಪೊದೆಯಿಂದ ಪೊದೆಗೆ ಓಡಿದ, ಹುತ್ತದಿಂದ ಹುತ್ತಕ್ಕೆ ಓಡಿದ. ಅವನ ಹೆಜ್ಜೆಯ ಅದುರಿಗೆ ಹಾವುಗಳೆಲ್ಲ ಬಿಲ ಸೇರಿದವು. ಇಳಿಹೊತ್ತಿಗೆ ಒಣಗಿದೆಲೆಯ ನಡುವೆ ದಪ್ಪನೆಯ ಹಾವೊಂದು ಸುರುಳಿ ಸುತ್ತಿ ಕೂತಿತ್ತು. ಹೆಬ್ಬಾವಿನ ಮರಿಯಿರಬೇಕೆಂದು ದಾಟಲು ಕಾಲೆತ್ತಿದ. ಕಮ್ಮಾರನ ತಿದಿಯ ಹಾಗೆ ಅದು ಬುಸ್ಸೆಂದಿತು. ಎತ್ತಿದ ಕಾಲು ಎತ್ತಿದಂತೆಯೇ ನಿಂತಿತು. ಬೆನ್ನಿನ ಮೇಲೆ ಸರಪಳಿ ಹೆಣೆದಂತೆ ಸಾಲು ಸಾಲು ಚುಕ್ಕೆ. ಅಕ್ಕ ಹೇಳಿದ್ದು ನೆನಪಾಯಿತು: ಹೆಬ್ಬಾವಿಗಾದರೆ ಹರಿದ ಕಂಬಳಿಯ ಹಾಗೆ ಅಡ್ಡಾದಿಡ್ಡಿ ಮಚ್ಚೆ. ಇದು ಕೊಳಕುಮಂಡಲ! ದುಗ್ಗ ಉಸಿರು ಬಿಗಿಹಿಡಿದು ಒಂದೊಂದೇ ಹೆಜ್ಜೆ ಹಿಂದಿಟ್ಟ. ಮಂಡಲ ಅಲ್ಲಾಡಲಿಲ್ಲ. ಆ ದಿನ ಹಾಗೆ ಕಳೆಯಿತು.

ಎರಡನೆಯ ದಿನ ಅವನು ಓಡಲಿಲ್ಲ, ನಡೆದ. ಕತ್ತಲುಗಟ್ಟಿದ ಬಂಡೆಯ ಸಂದಿನಿಂದ ದನಿಯೊಂದು ಕೇಳಿತು: "ದುಗ್ಗಾ... ತಮ್ಮಾ..." ಅದು ಅಕ್ಕನದೇ ದನಿ! ಒಳಗೆ ಬಿಳಿಪಟ್ಟೆಯ ಕಪ್ಪು ಹಾವು, ಅರ್ಧ ಮೈ ಮಾತ್ರ ಕಾಣುತ್ತಿತ್ತು. ಕೂಗು ಗಂಟಲಿಗೆ ಬಂತು. ನುಂಗಿಕೊಂಡ. ಪಟ್ಟೆಯ ಹಾವು ಎರಡಿವೆ. ಕೊರಳಲ್ಲಿ ಪಟ್ಟೆ ದಟ್ಟವಾಗಿದ್ದು ಬಾಲದ ಕಡೆ ಮಾಸಿದರೆ ವಿಷವಿಲ್ಲದ ಬಡಪಾಯಿ ತೋಳಹಾವು. ಕೊರಳಲ್ಲಿ ಮಾಸಲಾಗಿದ್ದು ಬಾಲದ ಕಡೆ ದಟ್ಟವಾದರೆ ಕಟ್ಟುಹಾವು, ಕಡುವಿಷ. ಅರ್ಧ ಮೈ ನೋಡಿ ಹೇಳುವುದು ಹೇಗೆ?

ದುಗ್ಗ ದೂರದಲ್ಲಿ ಕೂತ. ಕಾಲು ತುಡಿಯಿತು, ಕೂತ. ಇರುವೆ ಹತ್ತಿದವು, ಕೂತ. ನೋಡುತ್ತ ನೋಡುತ್ತ ಅವನಿಗೊಂದು ಮಾತು ಹೊಳೆಯಿತು. ಹಾವು ಒಮ್ಮೆಯೂ ಕಣ್ಣು ಮಿಟುಕಿಸಿಲ್ಲ! ಹಾವಿಗೆ ರೆಪ್ಪೆಯೇ ಇಲ್ಲ. ಹಾವಾದ ಮನುಷ್ಯರಿಗೆ? ಹೊತ್ತು ಮುಳುಗುವ ಮುಂಚೆ ಹಾವು ಸಂದಿನಿಂದ ಹೊರಬಂತು. ಬಾಲದ ತುದಿಯವರೆಗೂ ಎದ್ದು ಕಾಣುವ ಪಟ್ಟೆ. ಕಟ್ಟುಹಾವು. ದನಿ ಮಾಂತ್ರಿಕನ ಮೋಸ. ಹಾವು ತನ್ನ ಪಾಡಿಗೆ ಹರಿದುಹೋಯಿತು. ದುಗ್ಗ ಮಂಡಿಗೆ ತಲೆ ಕೊಟ್ಟು ಅತ್ತ. ಉಳಿದದ್ದು ಅರ್ಧ ದಿನ.

ಮೂರನೆಯ ದಿನ ಗುಡ್ಡದ ಸುತ್ತ ಪಂಜು ಹಿಡಿದ ಆಳುಗಳು ನಿಂತರು. ಅವರ ಜೊತೆ ರಾಜ, ರಾಜನ ಬೆನ್ನ ಹಿಂದೆ ಮಾಂತ್ರಿಕ. ಮೇಲೆ, ಚಪ್ಪಟೆ ಬಂಡೆಯ ಮೇಲೆ, ಹಾವುಗಳು ಬಿಸಿಲಿಗೆ ಮೈಚಾಚಿದ್ದವು. ಮಣ್ಣುಮುಕ್ಕ, ಹಸಿರುಹಾವು, ಕೇರೆ, ನಾಗರ. ಹನ್ನೆರಡು ಹೆಜ್ಜೆ ದೂರದಲ್ಲಿ ದುಗ್ಗ ಕೂತು ಒಂದೊಂದರ ಕಣ್ಣನ್ನೂ ನೋಡಿದ. ನಡುಹಗಲು ಹತ್ತಿರವಾಗಿ ಕೆಳಗೆ ನಗಾರಿ ಬಡಿಯತೊಡಗಿತು.

ಒಂದು ಕೇರೆಹಾವು ರೆಪ್ಪೆ ಬಡಿಯಿತು!

ದುಗ್ಗ ಬಾಯಿ ತೆರೆದ. ಅಷ್ಟರಲ್ಲಿ ಪಕ್ಕದ ನಾಗರಹಾವೂ ರೆಪ್ಪೆ ಬಡಿಯಿತು.

ಎರಡು! ಒಬ್ಬಳು ಅಕ್ಕ. ಇನ್ನೊಬ್ಬರು ಯಾರು?

ಕೇರೆ ಹರಿದು ಹರಿದು ಹತ್ತಿರ ಬಂತು. ಅದಕ್ಕೆ ವಿಷವಿಲ್ಲ. ಅವನ ಪಾದದ ಬಳಿ ತಲೆಯಿಟ್ಟು ಕಣ್ಣೀರು ಸುರಿಸಿತು. ದುಗ್ಗ ಅದನ್ನು ಸವರಲು ಕೈ ಚಾಚಿದ. ಆದರೂ ಎದ್ದು ನಾಗರದ ಕಡೆ ಎರಡು ಹೆಜ್ಜೆ ಇಟ್ಟ. ನಾಗರ ಹೆಡೆಯೆತ್ತಿ ಬುಸುಗುಟ್ಟಿತು. ಹಿಂದೆ ಸರಿದ. ಹೆಡೆ ಇಳಿಯಿತು. ಮತ್ತೆ ಮುಂದೆ ಬಂದ. ಹೆಡೆ ಎದ್ದಿತು, ಅಷ್ಟೇ ಅಲ್ಲ, ಹಾವೇ ಬಂಡೆಯ ಅಂಚಿನವರೆಗೆ ಹಿಂದೆ ಹಿಂದೆ ಸರಿಯಿತು. ಇನ್ನೊಂದು ಗೇಣು ಸರಿದರೆ ಕೆಳಗೆ ಪ್ರಪಾತ.

"ಹಚ್ಚಿರೋ ಬೆಂಕಿ!" ಎಂದು ಕೆಳಗಿನಿಂದ ರಾಜನ ಕೂಗು ಬಂತು.

ತಾನು ಕಚ್ಚಿ ನನ್ನ ಪ್ರಾಣ ಹೋದೀತೆಂದು ಅಂಜಿ ತನ್ನ ಪ್ರಾಣ ಬಿಡಲು ಹೊರಟವಳು ಬೇರೆ ಯಾರಾದಾರು?

"ಅಕ್ಕಾ!" ಎಂದು ದುಗ್ಗ ನಾಗರವನ್ನು ನೋಡಿ ಕೂಗಿದ.

ಬಂಡೆಯಂಚಿನಲ್ಲಿ ಸಂಕವ್ವ ನಿಂತಿದ್ದಳು, ಕೆದರಿದ ತಲೆ, ಒಣಗಿದ ತುಟಿ. "ಹಲ್ಲಲ್ಲಿ ವಿಷ ತುಂಬಿತ್ತು ಕಣೋ! ದೂರ ನಿಲ್ಲು ಅಂತ ಎಷ್ಟು ಸಲ ಬುಸುಗುಟ್ಟಲಿ?" ಎಂದು ಬೈದಳು. ಬೈಯುತ್ತಲೇ ಅವನನ್ನು ಅಪ್ಪಿಕೊಂಡಳು. ಇಬ್ಬರೂ ಗುಡ್ಡದಂಚಿಗೆ ಬಂದು ಕೈಬೀಸಿದರು. ರಾಜ ಕಂಡ. "ಪಂಜು ಇಳಿಸಿ!" ಎಂದ.

ಮಾಂತ್ರಿಕ ನಿಂತಿದ್ದ ಜಾಗದಲ್ಲಿ ಬರಿಯ ನಿಲುವಂಗಿಯೂ ಮುದ್ರೆಯುಂಗುರವೂ ಬಿದ್ದಿದ್ದವು. ಮಾಟ ಮುರಿದಾಗ ಮಾಟಗಾರ ಯಾವ ರೂಪದಲ್ಲಿರುತ್ತಾನೋ ಅದರಲ್ಲೇ ಉಳಿಯಬೇಕು. ದುಗ್ಗನಿಗೆ ಮೋಸ ಮಾಡಲು ಕೇರೆಯ ರೂಪ ತಾಳಿದ್ದ ಗರಳಸಿದ್ಧ ಕೇರೆಯಾಗಿಯೇ ಉಳಿದ. ಮೇಲೆ ಬಂದ ರಾಜ ಕತ್ತಿ ಎಳೆದ.

ಸಂಕವ್ವ ಅಡ್ಡ ನಿಂತಳು. "ನೋಡಿ ಒಡೆಯಾ, ಅವನ ರೆಪ್ಪೆ ಹೋಯಿತು. ಇನ್ನು ಅವನಿಗೆ ಮಂತ್ರವೂ ನೆನಪಿಲ್ಲ, ಹಗೆಯೂ ನೆನಪಿಲ್ಲ. ಬರೀ ಕೇರೆ. ಇಲಿ ಹಿಡಿದು ಬದುಕಲಿ."

ಕೇರೆ ಹುಲ್ಲಿನಲ್ಲಿ ಸರಸರ ಹೋಯಿತು. ರಾಜ ಕತ್ತಿ ಒರೆಗೆ ಸೇರಿಸಿ ಅದು ಹೋದ ದಾರಿಯನ್ನೇ ನೋಡುತ್ತ ನಿಂತ. ಬಳ್ಳಿ ಕಂಡರೂ ಬೆಚ್ಚುತ್ತಿದ್ದವನು ಈಗ ಬೆಚ್ಚಲಿಲ್ಲ.

ಪಂಜುಗಳನ್ನು ಹೊಳೆಯಲ್ಲಿ ಅದ್ದಿದರು. ಕಡಗಲ್ಲಿನ ಜನ ಅಂದು ಕಣ್ತುಂಬ ನಿದ್ದೆ ಮಾಡಿದರು. ಬೆಳೆ ಬಂತು, ಮದುವೆಗಳಾದವು, ತೊಟ್ಟಿಲು ತೂಗಿದವು. ರಾಜ ಸುಖವಾಗಿದ್ದ, ಅಕ್ಕ ತಮ್ಮ ಸುಖವಾಗಿದ್ದರು, ಊರೆಲ್ಲ ಸುಖವಾಗಿತ್ತು. ಹಾವುಗಳೂ ಸುಖವಾಗಿದ್ದವು.